ಅವ್ವ ಮನೆ ನೋಡಿದ ಚಳಿಗಾಲ

ನಮ್ಮ ಗದಗಿನ ಕಡೆ ಹೆಣ್ಣು ಕೊಡುವ ಮೊದಲು ಮನೆ ನೋಡುತ್ತಾರೆ. ಹುಡುಗನ ಓದು, ನೌಕರಿ, ಹೊಲ ಎಲ್ಲ ಗಂಡಸರು ವಿಚಾರಿಸಿಕೊಳ್ಳುತ್ತಾರೆ. ಅದು ಮುಗಿದ ಮೇಲೆ ಹೆಂಗಸರು ಒಂದು ದಿನ ಆ ಮನೆಗೆ ಹೋಗಿ ಚಹಾ ಕುಡಿದು ಬರುತ್ತಾರೆ. ಚಹಾ ಬರೀ ನೆಪ. ನಮ್ಮ ಓಣಿಯಲ್ಲಿ ಯಾರ ಮನೆಗೆ ಸಂಬಂಧ ಬಂದರೂ ನನ್ನ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವ್ವ ನೀರು ಬೇಕೆಂದು ಸೀದಾ ಅಡುಗೆಮನೆಗೆ ನುಗ್ಗುತ್ತಿದ್ದಳು, ಹಿತ್ತಲ ಬಾಗಿಲಿಂದ ಹೊರಗೆ ಬಂದು ಒಣಗಲು ಹಾಕಿದ ಬಟ್ಟೆ ನೋಡುತ್ತಿದ್ದಳು, ಆ ಮನೆಯ ಮುದುಕಿಯ ಹಾಸಿಗೆ ಎಲ್ಲಿದೆ ಎಂದು ಪತ್ತೆ ಹಚ್ಚುತ್ತಿದ್ದಳು. ದಾರಿಯಲ್ಲಿ ಒಂದೇ ಮಾತು ಹೇಳುತ್ತಿದ್ದಳು. "ಕೊಡಬಹುದು" ಅಥವಾ "ಬ್ಯಾಡ". ಯಾಕೆ ಎಂದು ಯಾರಾದರೂ ಕೇಳಿದರೆ ಮೂತಿ ತಿರುವುತ್ತಿದ್ದಳು.

ನನ್ನನ್ನು ಕೊಡುವಾಗಲೂ ಹುಬ್ಬಳ್ಳಿಯ ಮನೆ ನೋಡಿ "ಕೊಡಬಹುದು" ಅಂದವಳು ಅವಳೇ. ಆದರೆ ಮದುವೆಯಾದ ಸ್ವಲ್ಪ ದಿನಕ್ಕೇ ನಾನೂ ನನ್ನ ಗಂಡನೂ ನ್ಯೂಜಿಲೆಂಡಿಗೆ ಬಂದೆವು. ನಾನು ನರ್ಸ್, ಇಲ್ಲಿ ನನಗೆ ಕೆಲಸ ಸಿಕ್ಕಿತು. ಅವ್ವನಿಗೆ ಇದು ತನಗೆ ಯಾರೋ ಮೋಸ ಮಾಡಿದಂತೆ ಅನಿಸಿತ್ತು. ಫೋನಿನಲ್ಲಿ ಎಷ್ಟು ವರ್ಷ ಇದನ್ನೇ ಕುಟುಕಿದಳೋ. "ನಾ ನೋಡಿದ ಮನಿಗೆ ಕೊಟ್ಟಿದ್ದೆ. ನೀ ಹೋಗಿ ನಾ ನೋಡದ ಮನ್ಯಾಗ ಕುಂತಿ."

ಹಾಗಾಗಿ ಅವಳು ಕಡೆಗೂ ವಿಸಿಟರ್ ವೀಸಾದ ಮೇಲೆ ಬರಲು ಒಪ್ಪಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ವೀಸಾದ ಆರು ತಿಂಗಳಲ್ಲ. ಅವಳನ್ನು ಇಲ್ಲೇ ಇಟ್ಟುಕೊಳ್ಳಬೇಕು ಎಂಬ ಆಸೆ ನನ್ನದು. ಅದಕ್ಕೆ ಬೇಕಾದ ದಾರಿಗಳನ್ನೂ ವಿಚಾರಿಸಿ ಇಟ್ಟಿದ್ದೆ. ಓದುವವರು ಅವ್ವ ಊರಲ್ಲಿ ಒಬ್ಬಳೇ ಇದ್ದಳೇನೋ ಎಂದು ಮರುಕಪಡಬೇಕಾಗಿಲ್ಲ. ಗದಗಿನಲ್ಲಿ ಅಣ್ಣನ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅಣ್ಣ, ಅತ್ತಿಗೆ, ಮೊಮ್ಮಕ್ಕಳು, ಬಂದು ಹೋಗುವವರು, ಎಲ್ಲರ ನಡುವೆ ಅವಳು ರಾಣಿಯ ಹಾಗೆ ಇದ್ದಳು. ಒಂಟಿಯಾಗಿದ್ದವಳು ನಾನು. ಗಂಡ ಇದ್ದಾನೆ, ಮಗಳಿದ್ದಾಳೆ, ಕೆಲಸ ಇದೆ, ಆದರೂ ಕೆಲಸದಿಂದ ಬಂದು ಬಾಗಿಲು ತೆಗೆದಾಗ "ಯಾಕ ಇಷ್ಟೊತ್ತು?" ಎಂದು ಗದರಿಸುವವರು ಇಲ್ಲದೆ ನನ್ನ ಮನೆ ನನಗೇ ಬಾಡಿಗೆ ಮನೆಯಂತೆ ಅನಿಸುತ್ತಿತ್ತು.

"ಇಲ್ಲೇ ಇದ್ದುಬಿಡವ್ವಾ" ಅಂತ ಫೋನಿನಲ್ಲಿ ಹೇಳಿದ್ದೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಬಂದು ನೋಡ್ತೀನಿ. ಆಮ್ಯಾಲೆ ಹೇಳ್ತೀನಿ" ಅಂದಳು.

ಬರುವಾಗ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಚಟ್ನಿಪುಡಿ ತಂದಿದ್ದಳು. ಅದರ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಅಪ್ಪನ ಹೆಸರು ಕೊರೆದಿತ್ತು. ಅಪ್ಪ ತೀರಿಕೊಂಡು ಬಹಳ ವರ್ಷವಾಗಿದ್ದರೂ ನಮ್ಮ ಮನೆಯ ಪಾತ್ರೆಗಳೆಲ್ಲ ಇನ್ನೂ ಅವನ ಹೆಸರಲ್ಲೇ ಓಡಾಡುತ್ತವೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಡಬ್ಬಿ ತೆರೆದು ಮೂಸಿ ಸೀನಿದರಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದಳು.

ನಮ್ಮ ಮನೆ ಇರುವುದು ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನಲ್ಲಿ, ಗುಡ್ಡ ಹತ್ತುವ ಒಂದು ಬೀದಿಯ ನಡುವೆ. ಈ ಊರಿನಲ್ಲಿ ಸಿರಿವಂತಿಕೆ ಅಂದರೆ ಬಿಸಿಲು. ಮೇಲೆ ಹೋದ ಹಾಗೆ ಬಿಸಿಲು ಹೆಚ್ಚು. ಕೆಳಗೆ ಇಳಿದ ಹಾಗೆ ನೆರಳು, ತೇವ, ವೆಲ್ಲಿಂಗ್ಟನ್ ರೈಲಿನ ಸದ್ದು. ಅದು ಹೇಗೋ ನಮ್ಮ ಬೀದಿಯಲ್ಲಿ ದಕ್ಷಿಣ ಅಮೆರಿಕ ಎರಡು ಪಾಲಾಗಿತ್ತು. ಮೇಲಿನ ಬಿಸಿಲಿನಲ್ಲಿ ಚಿಲಿ ದೇಶದ ಕೆಲವು ಮನೆತನಗಳು. ಕೆಳಗಿನ ನೆರಳಿನಲ್ಲಿ ಕೊಲಂಬಿಯಾದವರು. ಇಬ್ಬರದೂ ಒಂದೇ ಸ್ಪ್ಯಾನಿಷ್. ಆದರೆ ಮೇಲಿನವರು ಕೆಳಗಿಳಿದು ಬರುವುದು, ಕೆಳಗಿನವರು ಮೇಲೆ ಹೋಗುವುದು ಕಡಿಮೆ.

ಚಿಲಿಯವರು ನಾನು ಹುಟ್ಟುವ ಮೊದಲೇ ಬಂದವರು. ಅವರ ದೇಶದಲ್ಲಿ ಸೈನ್ಯ ಆಡಳಿತ ಹಿಡಿದಾಗ ತಪ್ಪಿಸಿಕೊಂಡು ಬಂದು, ಇಲ್ಲಿನ ಕಾರು ಜೋಡಿಸುವ ಕಾರ್ಖಾನೆಗಳಲ್ಲಿ ದುಡಿದು, ಮನೆ ಅಗ್ಗವಿದ್ದ ಕಾಲದಲ್ಲಿ ಮನೆ ಕೊಂಡವರು. ಆ ಕಾರ್ಖಾನೆಗಳು ಈಗಿಲ್ಲ, ಮನೆಗಳಿವೆ. ಮಕ್ಕಳು ಎಂಜಿನಿಯರ್, ಮೇಷ್ಟ್ರು, ಎಲೆಕ್ಟ್ರಿಷಿಯನ್ ಆಗಿ ಅರ್ಧಕ್ಕರ್ಧ ಜನ ಆಸ್ಟ್ರೇಲಿಯಾ ಸೇರಿದ್ದಾರೆ. ಕೊಲಂಬಿಯಾದವರು ಈಚೆಗೆ ನಿರಾಶ್ರಿತರಾಗಿ ಬಂದವರು. ಬಂದೂಕಿನವರು ಊರು ಬಿಡಿ ಅಂದಾಗ ಉಟ್ಟ ಬಟ್ಟೆಯಲ್ಲಿ ಎದ್ದು, ಪಕ್ಕದ ದೇಶದಲ್ಲಿ ವರ್ಷಗಟ್ಟಲೆ ಕಾದು, ಇಲ್ಲಿಗೆ ಬಂದು ಸರ್ಕಾರಿ ಬಾಡಿಗೆ ಮನೆಗಳಲ್ಲಿ ಇದ್ದರು. ಬೆಳಕು ಹರಿಯುವ ಮೊದಲೇ ಆಫೀಸು ಗುಡಿಸಲು ಹೋಗುವವರು, ಕಟ್ಟಡಗಳಿಗೆ ಪೈಪು ಕಟ್ಟಿ ಏರುವವರು, ಲಾಂಡ್ರಿಯಲ್ಲಿ ನಿಲ್ಲುವವರು. ಬಿಸಿಲಿನ ಲೆಕ್ಕದಲ್ಲೂ ಬಂದ ವರ್ಷಗಳ ಲೆಕ್ಕದಲ್ಲೂ ನಾವು ಇವರಿಬ್ಬರ ನಡುವೆ ಇದ್ದೆವು.

ಅವ್ವ ಬಂದ ಮರುದಿನವೇ ಬೀದಿಯನ್ನು ಒಮ್ಮೆ ಮೇಲಿಂದ ಕೆಳಗೆ ನಡೆದು ಬಂದಳು. ಸೀರೆಯ ಮೇಲೆ ನನ್ನ ಗಂಡನ ಜಾಕೆಟ್, ಕಾಲಿಗೆ ಕಾಲುಚೀಲ ಹಾಕಿ ಅದರ ಮೇಲೆ ಚಪ್ಪಲಿ. ಆ ಅವತಾರಕ್ಕೆ ನನ್ನ ಮಗಳು "ಅಜ್ಜಿ, ಯು ಲುಕ್ ಸೋ ಫನ್ನಿ" ಅಂತ ನೆಲದ ಮೇಲೆ ಬಿದ್ದು ನಕ್ಕಳು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಮಗಳು ಕನ್ನಡ ಆಡುವುದಿಲ್ಲ. ಆದರೂ ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು.

"ಕೆಳಗಿನ ಮನಿ ಕಿಟಕಿ ಅಳ್ತಾವ" ಅಂದಳು ಅವ್ವ, ಚಹಾ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು. ಇಲ್ಲಿ ತಣ್ಣನೆಯ ಮನೆಗಳಲ್ಲಿ ಒಳಗಿನ ಉಸಿರೆಲ್ಲ ಗಾಜಿಗೆ ಕಟ್ಟಿ ಬೆಳಿಗ್ಗೆ ನೀರಾಗಿ ಇಳಿಯುತ್ತದೆ. ಎರಡು ಪದರ ಗಾಜಿನ ಕಿಟಕಿ, ಮನೆಯೆಲ್ಲ ಬೆಚ್ಚಗಿಡುವ ಹೀಟ್ ಪಂಪ್ ಇರುವ ಮನೆಗಳಲ್ಲಿ ಹಾಗಾಗುವುದಿಲ್ಲ. ನಾನು ಇಷ್ಟು ವರ್ಷ ಇದ್ದು ಜನರ ಕಾರು ನೋಡಿ ಅಳೆಯುತ್ತಿದ್ದೆ. ಅವ್ವ ಒಂದೇ ಬೆಳಿಗ್ಗೆ ಕಿಟಕಿ ನೋಡಿ ಬೀದಿಯನ್ನೆಲ್ಲ ಅಳೆದಿದ್ದಳು.

"ಮ್ಯಾಲಿನ ಮನಿವು ಅಳಂಗಿಲ್ಲ. ನಿನ್ನ ಮನಿದು ಒಂದ ಕಿಟಕಿ ಅಳ್ತೈತಿ, ನಾ ಮಲಗೋ ಖೋಲಿದು" ಅಂತ ಸೇರಿಸಿದಳು. ನನ್ನ ಮುಖ ಸಣ್ಣದಾಯಿತು. ಅವತ್ತೇ ಸಂಜೆ ಅವಳ ಕೋಣೆಗೆ ಇನ್ನೊಂದು ಹೀಟರ್ ತಂದಿಟ್ಟೆ. ಅವಳು ಇಲ್ಲಿ ಉಳಿಯಬೇಕಾದರೆ ಆ ಕಿಟಕಿ ಅಳಬಾರದಾಗಿತ್ತು.

ಅಲ್ಲಿಂದ ಶುರುವಾಯಿತು ಅವ್ವನ ಮನೆ ನೋಡುವ ಕಾರ್ಯಕ್ರಮ. ನಾನು ಅಂದುಕೊಂಡೆ, ದೂರದಿಂದ ಬಂದವರು ಈ ದೇಶದಲ್ಲಿ ಹೇಗೆ ಮುದುಕರಾಗುತ್ತಾರೆ ಎಂದು ಇವಳು ತನಗಾಗಿ ನೋಡಿಕೊಳ್ಳುತ್ತಿದ್ದಾಳೆ, ಅದು ಸರಿಯಾಗಿ ಕಂಡರೆ ಉಳಿಯುತ್ತಾಳೆ. ಆದ್ದರಿಂದ ನೆರೆಮನೆಗಳೆಲ್ಲ ಅವಳ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ದೇವರಿಗೆ ಬೇಡಿಕೊಂಡೆ. ಕಂಡವರ ಮನೆ ಚೆನ್ನಾಗಿರಲಿ ಎಂದು ಯಾರೂ ಇಷ್ಟು ಸ್ವಾರ್ಥದಿಂದ ಬೇಡಿಕೊಂಡಿರಲಿಕ್ಕಿಲ್ಲ.

ಅವ್ವನ ಅಸ್ತ್ರ ಡಬ್ಬಿ. ಚಟ್ನಿಪುಡಿಯನ್ನು ಬಾಟಲಿಗೆ ಸುರಿದು, ಡಬ್ಬಿ ತೊಳೆದು, ಅದರಲ್ಲಿ ಬಿಸಿ ಸಜ್ಜಿಗೆ ತುಂಬಿ ಮೊದಲು ಮೇಲಿನ ಮನೆಗೆ ಹೋದಳು. ಅಲ್ಲಿ ಚಿಲಿಯ ಅಜ್ಜಿ ಇದ್ದರು. ಬೆಳ್ಳಿ ಕೂದಲು, ಕೆಂಪು ಲಿಪ್‌ಸ್ಟಿಕ್, ಕಾರು ತಾವೇ ಓಡಿಸುತ್ತಿದ್ದರು. ಗಂಡ ತೀರಿಕೊಂಡಿದ್ದರು. ಮಕ್ಕಳಿಬ್ಬರೂ ಬ್ರಿಸ್ಬೇನಿನಲ್ಲಿ. ಅವ್ವ ಹಲ್ಲು ಬಿಟ್ಟು ಡಬ್ಬಿ ಚಾಚಿದಳಂತೆ, ಅವರು ಎರಡೂ ಕೆನ್ನೆಗೆ ಮುತ್ತು ಕೊಟ್ಟರಂತೆ. ಅವ್ವ ಕೆನ್ನೆ ಒರೆಸಿಕೊಳ್ಳುತ್ತ ಬಂದಳು.

ಆ ದಿನವೇ ಸಂಜೆ ಡಬ್ಬಿ ವಾಪಸ್ ಬಂತು, ತುಂಬಿಕೊಂಡು. ಕೆಳಗೆ ಅವರ ಗಿಡದ ನಿಂಬೆಹಣ್ಣು, ಮೇಲೊಂದು ಸಣ್ಣ ಬಾಟಲಿ. ಹಾಲು ಸಕ್ಕರೆ ಗಂಟೆಗಟ್ಟಲೆ ಕುದಿಸಿ ಕೆಂಪಗೆ ಗಟ್ಟಿ ಮಾಡಿದ ಅವರ ಕಡೆಯ ಸಿಹಿ. ಅವ್ವ ಬೆರಳಲ್ಲಿ ತೆಗೆದು ನೆಕ್ಕಿ ಕಣ್ಣರಳಿಸಿದಳು. "ಇದು ನಮ್ಮ ಧಾರವಾಡ ಪೇಢೆದ ಅಕ್ಕನ ಮಗಳು!" ಅಂದಳು. ಡಬ್ಬಿ ಖಾಲಿ ಕಳಿಸದ ಮನೆ ಎಂದ ಮೇಲೆ ಅವ್ವನಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಉಂಡುಟ್ಟ ಮನೆತನ ಎಂದು ಮುದ್ರೆ ಒತ್ತಿದಳು.

ಎರಡನೆಯ ಸರದಿ ಕೆಳಗಿನ ಮನೆ. ಅಲ್ಲಿದ್ದ ಕೊಲಂಬಿಯಾದ ಹೆಂಗಸು ನನಗೆ ಗೊತ್ತಿದ್ದವಳು. ನನ್ನ ಆಸ್ಪತ್ರೆಯ ಲಾಂಡ್ರಿಯಲ್ಲೇ ಕೆಲಸ, ಎಷ್ಟೋ ಸಲ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಅವಳ ದೇಶದಲ್ಲಿ ಶಾಲೆಯ ಟೀಚರ್ ಆಗಿದ್ದವಳು. ಗಂಡ, ಮಕ್ಕಳು, ಅವಳ ತಾಯಿ, ತಮ್ಮನ ಸಂಸಾರ, ಎಲ್ಲ ಅದೇ ಮನೆಯಲ್ಲಿ. ಅವ್ವ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸಿದಳು.

ಡಬ್ಬಿ ನಾಲ್ಕಾರು ದಿನ ಬರಲೇ ಇಲ್ಲ. ಬಂದಾಗ ಅವ್ವ ಮುಚ್ಚಳ ತೆಗೆದು ಹಾಗೇ ನಿಂತಳು. ಒಳಗೆ ಏನೂ ಇರಲಿಲ್ಲ. ಡಬ್ಬಿ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ತಳದಲ್ಲಿ ನನಗೆ ಬುದ್ಧಿ ಬಂದಾಗಿನಿಂದ ಇದ್ದ ಸುಟ್ಟ ಕಲೆಯನ್ನೂ ಯಾರೋ ಉಜ್ಜಿ ತೆಗೆದಿದ್ದರು.

"ಒಂದ್ ಚಮಚಾ ಸಕ್ಕರಿನೂ ಇಲ್ಲೇನ ಆ ಮನ್ಯಾಗ?" ಅಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು.

ಇದು ನಮ್ಮವರಿಗೆ ಮಾತ್ರ ಅರ್ಥವಾಗುವ ದಿಗಿಲು. ನೆರೆಯವರ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಒಂದು ಬೆಲ್ಲದ ಚೂರು, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿ ಹಾಕುತ್ತೇವೆ. ಖಾಲಿ ಡಬ್ಬಿ ಬಂತೆಂದರೆ ಅವ್ವನ ಪಾಲಿಗೆ ಆ ಮನೆಯಲ್ಲಿ ನಾಲ್ಕು ಕಾಳೂ ಇಲ್ಲ ಎಂದೇ ಅರ್ಥ. "ಅವರಲ್ಲಿ ಹಂಗ ಪದ್ಧತಿ ಇರಾಕಿಲ್ಲವ್ವಾ" ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಸುಮ್ಕಿರು. ಪಾತ್ರಿ ತುಂಬಿ ಕಳಿಸೋದಕ್ಕ ಪದ್ಧತಿ ಬೇಕೇನ? ಕೈಯಾಗ ಇದ್ರ ಆತು" ಅಂದಳು.

ಅಂದಿನಿಂದ ನಮ್ಮ ಮನೆಯಿಂದ ಕೆಳಗಿನ ಮನೆಗೆ ರೇಷನ್ ಹೋಗತೊಡಗಿತು. ರೊಟ್ಟಿ, ಪಲ್ಯ, ಅನ್ನ ಹೋಗುತ್ತಿದ್ದದ್ದು ಸರಿ. ಆಮೇಲೆ ನಾನು ಮೂಟೆಯಲ್ಲಿ ತಂದಿಟ್ಟಿದ್ದ ಅಕ್ಕಿ, ಬೇಳೆಯೂ ಹೋಯಿತು. ನಾನು ಕೆಲಸಕ್ಕೆ ಹೋದಾಗ ಅವ್ವ ಚೀಲಗಳನ್ನು ಅವರ ಬಾಗಿಲ ಮುಂದೆ ಇಟ್ಟು, ಬೆಲ್ ಒತ್ತಿ, ಕಳ್ಳಿಯ ಹಾಗೆ ಓಡಿಬರುತ್ತಿದ್ದಳಂತೆ. ಮನೆಗೆ ಬಂದರೆ ಡಬ್ಬಿ ಮತ್ತೆ ಖಾಲಿ, ಇನ್ನಷ್ಟು ಹೊಳಪು. ಅವ್ವ ಮತ್ತೆ ಕೊರಗುವಳು, ಮತ್ತೆ ತುಂಬುವಳು. ನನ್ನ ಗಂಡ ಒಂದು ದಿನ ಖಾಲಿ ಅಕ್ಕಿ ಡ್ರಮ್ಮಿನೊಳಗೆ ತಲೆ ಹಾಕಿ "ಇನ್ನ ನಾವ ಅವರ ಮನಿಗೆ ಊಟಕ್ಕ ಹೋಗೋದೈತಿ" ಅಂದರು.

ಒಂದು ಶನಿವಾರ ಮಧ್ಯಾಹ್ನ ಆ ಹೆಂಗಸೇ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅಕ್ಕಿಯ ಚೀಲ, ಅದರ ಮೇಲೆ ಡಬ್ಬಿ. ಒಳಗೆ ಬಾ ಅಂದರೆ ಬರಲಿಲ್ಲ. ಇಂಗ್ಲಿಷನ್ನು ಒಂದೊಂದೇ ಪದ ಹುಡುಕಿ ಜೋಡಿಸಿ ಮಾತಾಡಿದಳು.

"ನಿಮ್ಮ ತಾಯಿಗೆ ಹೇಳಿ, ಸಾಕು. ನಾವು ಬಂದ ಮೊದಲ ವರ್ಷ ಒಳ್ಳೆಯ ಜನ ನಮ್ಮ ಬಾಗಿಲಲ್ಲಿ ಇಂಥ ಚೀಲ ಇಟ್ಟು ಹೋಗುತ್ತಿದ್ದರು. ಆ ವರ್ಷ ಮುಗಿಯಿತು. ಈಗ ನಾನು ದುಡಿಯುತ್ತೇನೆ, ನನ್ನ ಗಂಡ ದುಡಿಯುತ್ತಾನೆ. ಚೀಲ ನೋಡಿದರೆ ನನ್ನ ತಾಯಿಗೆ ಮತ್ತೆ ಅದೇ ವರ್ಷ ಬಂತು ಅಂತ ಭಯ."

ಅವ್ವ ನನ್ನ ಹಿಂದೆ ಬಂದು ನಿಂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಕೈಯಲ್ಲಿ ಡಬ್ಬಿ ಎತ್ತಿ ಅದರ ಒಳಗು ತೋರಿಸಿದಳು. "ಹಂಗಾರ ಇದು ಯಾಕ ಖಾಲಿ ಬರ್ತೈತಿ? ಕೇಳು."

ಕೇಳಿದೆ. ಆ ಹೆಂಗಸು ಮೊದಲು ಏನು ಕೇಳುತ್ತಿದ್ದಾರೆಂದೇ ತಿಳಿಯದೆ ನೋಡಿದಳು. ಆಮೇಲೆ ಅವಳ ಮುಖ ಬದಲಾಯಿತು.

"ನನ್ನ ತಾಯಿ ಅದನ್ನು ದಿನಗಟ್ಟಲೆ ಉಜ್ಜುತ್ತಾಳೆ. ಇನ್ನೊಬ್ಬರ ಪಾತ್ರೆ ಬಂದದ್ದಕ್ಕಿಂತ ಚೆನ್ನಾಗಿ ಹೋಗಬೇಕು ಅನ್ನುತ್ತಾಳೆ. ಆದರೆ ಒಳಗೆ ಏನನ್ನೂ ಹಾಕಬಾರದಂತೆ. ಹಾಕಿದರೆ, ನೀವು ಕೊಟ್ಟಿರಿ, ನಾವೂ ಕೊಟ್ಟೆವು, ಮುಗಿಯಿತು ಅಂದ ಹಾಗೆ. ಖಾಲಿ ಕೊಟ್ಟರೆ ಮುಗಿದಿಲ್ಲ ಅಂತ. ನಿಮ್ಮ ಋಣ ನಮ್ಮ ಮೇಲೆ ಇರಲಿ ಅಂತ. ಊರಲ್ಲಿ ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳು."

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ಅಕ್ಕಿಯ ಚೀಲ ಇಸಿದುಕೊಂಡು ಒಳಗಿಟ್ಟಳು, ಜಾಕೆಟ್ ಹಾಕಿಕೊಂಡಳು, ಆ ಹೆಂಗಸಿನ ಮೊಣಕೈ ಹಿಡಿದಳು. "ನಡಿ. ನಾ ಇವರ ಮನ್ಯಾಗ ಇನ್ನೂ ನೀರ ಕುಡಿದಿಲ್ಲ" ಅಂದಳು. ಬರಿಗೈಯಲ್ಲಿ ಹೊರಟಳು. ಅವ್ವ ಬರಿಗೈಯಲ್ಲಿ ಯಾರ ಮನೆಗಾದರೂ ಹೋದದ್ದು ಅದೇ ಮೊದಲು. ನಾನು ಹಿಂದಿನಿಂದ ಚಪ್ಪಲಿ ಮೆಟ್ಟಿ ಓಡಿದೆ.

ಅವರ ಮನೆಯ ಕಿಟಕಿಗಳ ಕೆಳಗೆ ಹಳೆಯ ಟವೆಲ್‌ಗಳನ್ನು ಉದ್ದಕ್ಕೆ ಹಾಸಿದ್ದರು, ನೀರು ಹೀರಲಿ ಎಂದು. ಒಂದೇ ಕೋಣೆಯಲ್ಲಿ ಹೀಟರ್. ಆ ಕೋಣೆಯಲ್ಲಿ ಮಕ್ಕಳು ಓದುತ್ತಿದ್ದರು, ತಮ್ಮನ ಹೆಂಡತಿ ಕೂಸಿಗೆ ಹಾಲು ಕೊಡುತ್ತಿದ್ದಳು, ಗಂಡಸರು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಅವಳ ತಾಯಿ ನಿಂತು ಮೆಕ್ಕೆಜೋಳದ ಹಿಟ್ಟನ್ನು ಅಂಗೈ ನಡುವೆ ಹಾಕಿ ತಟ್ಟುತ್ತಿದ್ದಳು. ಸಣ್ಣ ದಪ್ಪ ರೊಟ್ಟಿಗಳು. ಅವ್ವ ಆ ತಟ್ಟುವ ಸದ್ದು ಕೇಳಿದವಳೇ ಸೀದಾ ಒಳಗೆ ಹೋದಳು, ಗದಗಿನಲ್ಲಿ ಹೋಗುತ್ತಿದ್ದ ಹಾಗೆಯೇ. ಕೈ ತೊಳೆದು, ಒಂದು ಉಂಡೆ ತೆಗೆದುಕೊಂಡು ನಮ್ಮ ರೊಟ್ಟಿಯ ಹಾಗೆ ಅಗಲಕ್ಕೆ ತಟ್ಟಲು ಹೋದಳು. ಅದು ಹರಿದು ಹೋಯಿತು. ಆ ಮುದುಕಿ ನಕ್ಕು ಅವ್ವನ ಕೈಮೇಲೆ ಮೆಲ್ಲಗೆ ಹೊಡೆದಳು. ಅವ್ವನಿಗೆ ಅಷ್ಟು ಸಲಿಗೆಯಿಂದ ಹೊಡೆಯುವವರು ಈಗ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

"ಎಷ್ಟು ಚೆನ್ನಾಗಿದೆ, ಎಲ್ಲರೂ ಒಂದೇ ಕಡೆ ಇದ್ದೀರಿ" ಅಂದೆ ಆ ಹೆಂಗಸಿಗೆ.

ಅವಳು ನನ್ನ ಕಡೆ ನೋಡಿದ ರೀತಿ ನೆನಪಿದೆ. "ಹೀಟರ್ ಒಂದೇ ಇದೆ, ಅದಕ್ಕೆ ಒಂದೇ ಕಡೆ ಇದ್ದೇವೆ" ಅಂದಳು. "ಎಲ್ಲ ಕೋಣೆ ಬೆಚ್ಚಗಿರುವ ಮನೆ ಕೊಡು, ಈ ಗಂಡಸರನ್ನು ಮೊದಲು ಆಚೆ ಕೋಣೆಗೆ ಓಡಿಸುತ್ತೇನೆ." ಇಬ್ಬರೂ ನಕ್ಕೆವು, ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಅವಳ ಮಗನಿಗೆ ಆ ಚಳಿಗಾಲವೆಲ್ಲ ಕೆಮ್ಮು ಇತ್ತು.

ಮೇಲಿನ ಮನೆಯ ಕಥೆಯನ್ನು ಅವ್ವ ಬೇರೆ ದಿನ ಹೊರತೆಗೆದಳು. ಚಿಲಿಯ ಅಜ್ಜಿ ಅವಳನ್ನೂ ನನ್ನನ್ನೂ ಚಹಾಕ್ಕೆ ಕರೆದಿದ್ದರು. ಮನೆಯೆಂದರೆ ಮನೆ. ಕಾಲಿಟ್ಟರೆ ಮುಳುಗುವ ಕಾರ್ಪೆಟ್, ಯಾವ ಕಿಟಕಿಯಲ್ಲೂ ಒಂದು ಹನಿ ನೀರಿಲ್ಲ, ಮಕ್ಕಳ ಕೋಣೆಗಳಲ್ಲಿ ಮಂಚಗಳು ಹಾಸಿ ಸಿದ್ಧವಾಗಿವೆ. ಅವ್ವ ನೀರಿನ ನೆಪದಲ್ಲಿ ಎಲ್ಲ ತಿರುಗಿ ಬಂದಳು. ಒಂದು ಕೋಣೆಯ ಬೀರುವಿನ ಮೇಲೆ ಎರಡು ಹಳೆಯ ಸೂಟ್‌ಕೇಸ್ ಇದ್ದದ್ದು ಅವಳ ಕಣ್ಣು ತಪ್ಪಲಿಲ್ಲ. ಅದೇನೆಂದು ನನ್ನ ಬಾಯಿಂದ ಕೇಳಿಸಿದಳು.

"ನಾವು ಬಂದಾಗ ಮುಂದಿನ ಕ್ರಿಸ್‌ಮಸ್ಸಿಗೆ ವಾಪಸ್ ಅಂತಿದ್ದೆವು" ಅಂದರು ಅವರು. "ಪ್ರತಿ ವರ್ಷ ಹಾಗೇ. ಫ್ರಿಜ್ ಕೊಳ್ಳಲಿಲ್ಲ, ಗಿಡ ನೆಡಲಿಲ್ಲ, ಗೋಡೆಗೆ ಮೊಳೆ ಹೊಡೆಯಲಿಲ್ಲ. ಬೇರೆಯವರ ತಟ್ಟೆಯನ್ನು ಒಂದು ರಾತ್ರಿಯೂ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ನಾಳೆ ಹೊರಟರೆ ಅವರಿಗೆ ಯಾರು ಕೊಡುತ್ತಾರೆ? ಮಕ್ಕಳು ದೊಡ್ಡವರಾದ ಮೇಲೆ ಈ ಮನೆ ಕೊಂಡೆವು. ಆಮೇಲೆ ನಮ್ಮ ದೇಶ ಸರಿಹೋಯಿತು, ಹೋಗಿ ನೋಡಿದೆವು. ನಮ್ಮನ್ನು ಗುರುತಿಸುವವರು ಇರಲಿಲ್ಲ. ಬಂದು ನಿಂಬೆ ಗಿಡ ನೆಟ್ಟೆ." ನಗುತ್ತಲೇ ಹೇಳಿದರು. ತಮಗೆ ಏನೂ ಕೊರತೆಯಿಲ್ಲ ಎಂದೂ ಹೇಳಿದರು. ಅದು ನಿಜವೇ ಆಗಿತ್ತು. ಬರುವಾಗ ಅವ್ವನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಡಬ್ಬಿ ಅದೇ ಸಂಜೆ ಅಲ್ಲಿಂದ ತುಂಬಿ ಬರುತ್ತಿದ್ದದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ದಾರಿಯಲ್ಲಿ ಅವ್ವ "ಕೊಡಬಹುದು" ಅನ್ನಲಿಲ್ಲ, "ಬ್ಯಾಡ" ಅನ್ನಲಿಲ್ಲ.

ಚಳಿಗಾಲ ಕಳೆಯಿತು. ಕೆಳಗಿನ ಮುದುಕಿ ಬಾಡಿಗೆ ಮನೆಯ ಹಿತ್ತಲಲ್ಲಿ ಬಂದ ವರ್ಷವೇ ನೆಟ್ಟಿದ್ದ ಪ್ಲಮ್ ಗಿಡ ಹೂ ಬಿಟ್ಟಿತು. ಬೀದಿಯ ಕೊನೆಯ ಕೊವಾಯ್ ಮರ ಹಳದಿ ಹೂ ಸುರಿಸತೊಡಗಿತು. ಅವ್ವನ ವೀಸಾ ಮುಗಿಯುತ್ತ ಬಂದಿತ್ತು. ನಾನು ದಿನವೂ ಕಾಯುತ್ತಿದ್ದೆ, ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಗಾಳಿಗೆ ಹಾರುವ ಬೆಡ್‌ಶೀಟನ್ನು ಇಬ್ಬರೂ ಎರಡು ತುದಿ ಹಿಡಿದು ಮಡಚುತ್ತಿರುವಾಗ ತಡೆಯಲಾಗದೆ ಕೇಳಿಬಿಟ್ಟೆ.

"ಅವ್ವಾ, ಎಲ್ಲಾ ನೋಡಿದೆಲ್ಲ. ಏನಂತಿ?"

"ಮ್ಯಾಲಿನ ಮನಿಗೂ ಕೊಡಬಹುದು. ಕೆಳಗಿನ ಮನಿಗೂ ಕೊಡಬಹುದು" ಅಂದಳು, ನಾನು ಕೇಳುವುದನ್ನೇ ಕಾಯುತ್ತಿದ್ದವಳ ಹಾಗೆ.

ನಾನು ಜಾಣೆಯಂತೆ, "ಮ್ಯಾಲಿನವರಿಗೆ ರೊಕ್ಕ ಐತಿ, ಮಂದಿ ಇಲ್ಲ. ಕೆಳಗಿನವರಿಗೆ ಮಂದಿ ಅದಾರ, ರೊಕ್ಕ ಇಲ್ಲ. ಹೌದಲ್ಲ?" ಅಂದೆ.

"ಹಂಗ ತಕ್ಕಡಿ ಹಿಡೀಬ್ಯಾಡ" ಎಂದು ರೇಗಿದಳು. "ಕೆಳಗಿನಾಕಿಗೆ ಬೆಚ್ಚನ ಮನಿ ಬೇಕು. ಕೂಸು ಕೆಮ್ಮಾಕತ್ತೈತಿ. ಅದಕ್ಕ ಮಂದಿ ಇದ್ರ ಸಾಕು ಅಂತ ನೀ ಅನಬಾರದು. ಮ್ಯಾಲಿನಾಕಿನೂ ರೊಕ್ಕ ಇದ್ದದ್ದಕ್ಕ ಒಂಟಿ ಆಗಿಲ್ಲ. ಆಕಿ ಹತ್ತಾರು ವರ್ಷ ಕಾಲು ಹೊಸ್ತಿಲ ಮ್ಯಾಲೆ ಇಟ್ಕೊಂಡ ನಿಂತಿದ್ಲು, ಒಳಗ ಬರಲೇ ಇಲ್ಲ." ಬೆಡ್‌ಶೀಟ್ ನನ್ನ ಕೈಯಿಂದ ಕಿತ್ತು ತಾನೇ ಮಡಚಿದಳು. "ನಿನ್ನ ಮಿಕ್ಸರ್ ಇನ್ನೂ ಡಬ್ಬ್ಯಾಗ ಯಾಕ ಐತಿ? ರಟ್ಟಿನ ಪೆಟ್ಟಿಗಿ ಇನ್ನೂ ಗ್ಯಾರೇಜಿನ್ಯಾಗ ಯಾಕ ಅದಾವ?"

ಮುಂದೆ ಎಂದಾದರೂ ಊರಿಗೆ ಹೋಗುವಾಗ ಬೇಕಾಗುತ್ತದೆ ಎಂದು ಆ ಪೆಟ್ಟಿಗೆಗಳನ್ನು ಇಟ್ಟಿದ್ದೆ.

"ಹಂಗಾರ ನೀ ಇಲ್ಲೇ ಇರು" ಅಂದೆ. ದನಿ ಸಣ್ಣ ಹುಡುಗಿಯದಾಗಿತ್ತು. "ನೀ ಇದ್ರ ನಾ ಒಳಗ ಬರ್ತೀನಿ."

ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. "ಹುಚ್ಚಿ. ಮನಿ ನೋಡಾಕ ಹೋದಾಕಿ ಅಲ್ಲೇ ಉಳಿತಾಳೇನ? ನಾ ನನಗಂತ ನೋಡಾಕ ಬಂದಿಲ್ಲ. ನಿನ್ನ ಕೊಡಾಕ ಬಂದೀನಿ. ಆವಾಗ ನೋಡದ ಕೊಟ್ಟಂಗ ಆಗಿತ್ತು, ಅದ ಎದ್ಯಾಗ ಕುಂತಿತ್ತು." ಸುತ್ತ ನೋಡಿದಳು. ಗುಡ್ಡ, ಕೆಳಗಿನ ರೈಲು ಹಳಿ, ಪ್ಲಮ್ ಹೂವು, ಮೇಲಿನ ಮನೆಯ ಒಣ ಕಿಟಕಿ. "ನೋಡಿದೆ. ಕೊಡಬಹುದು."

ಆ ಒಂದು ಮಾತಿಗಾಗಿ ಗದಗಿನ ಓಣಿಯಲ್ಲಿ ಎಷ್ಟು ತಾಯಂದಿರು ಉಸಿರು ಬಿಗಿ ಹಿಡಿದು ಕಾಯುತ್ತಿದ್ದರೋ. ನನಗೆ ಮಾತ್ರ ಅದು ಬೇಡವಾಗಿತ್ತು. ಅವಳು "ಬ್ಯಾಡ" ಅಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿದ್ದರೂ ಹೋಗಿಬಿಡುತ್ತಿದ್ದೆನೇನೋ. ಅಲ್ಲೇ ಹುಲ್ಲಿನ ಮೇಲೆ ಕೂತು, ಮದುವೆ ಮಂಟಪದಿಂದ ಹೊರಡುವಾಗ ಅಳದಿದ್ದವಳು ಆಗ ಅತ್ತೆ.

ಅವಳು ಹೊರಡುವ ದಿನ ಬೆಳಿಗ್ಗೆ ನಾನು ಡಬ್ಬಿಯನ್ನು ತುಂಬಿಸಿದ್ದೆ. ತವರಿನ ಡಬ್ಬಿಯನ್ನು ಖಾಲಿ ಕಳಿಸುವುದುಂಟೇ? ಮೊಮ್ಮಕ್ಕಳಿಗೆ ಚಾಕೊಲೇಟ್, ಅತ್ತಿಗೆಗೆ ಇಲ್ಲಿನ ಜೇನು, ಮೇಲೆ ಚಿಲಿಯ ಅಜ್ಜಿ ಕೊಟ್ಟ ಆ ಕೆಂಪು ಸಿಹಿಯ ಬಾಟಲಿ. ಮುಚ್ಚಳ ಒತ್ತಿ, ಅಪ್ಪನ ಹೆಸರು ಮೇಲೆ ಕಾಣುವ ಹಾಗೆ ಸೂಟ್‌ಕೇಸಿನಲ್ಲಿ ಇಟ್ಟೆ.

ಅವ್ವ ಬಂದು ನೋಡಿದಳು. ಡಬ್ಬಿ ಹೊರತೆಗೆದು, ಒಳಗಿದ್ದದ್ದನ್ನೆಲ್ಲ ಮಂಚದ ಮೇಲೆ ಸುರಿದು, ಬೇರೆ ಚೀಲಕ್ಕೆ ಹಾಕಿದಳು. ಅಡುಗೆಮನೆಗೆ ಹೋಗಿ ಡಬ್ಬಿ ತೊಳೆದಳು. ಸೆರಗಿನಿಂದ ಒರೆಸಿದಳು, ಒಳಗೆ, ಹೊರಗೆ, ಮುಚ್ಚಳದ ಅಂಚು. ಒಂದು ಸಕ್ಕರೆ ಕಾಳೂ ಇಲ್ಲದ ಹಾಗೆ ಖಾಲಿ ಮಾಡಿ ಸೂಟ್‌ಕೇಸಿನಲ್ಲಿಟ್ಟು ಬೀಗ ಹಾಕಿದಳು.

"ಅವ್ವಾ, ಖಾಲಿ ಒಯ್ಯಬಾರದು" ಅಂದೆ.

"ತುಂಬಿ ಕೊಟ್ರ ಮುಗೀತೈತಿ" ಅಂದಳು ಅವಳು. "ಕೆಳಗಿನಾಕಿ ಹೇಳಿದ್ಲಲ್ಲ. ನಿನ್ನ ಕೂಡ ನನಗ ಮುಗಿಸೋದು ಬ್ಯಾಡ."

ಅದಾದ ಮೇಲೆ ಅವ್ವ ಮತ್ತೆ ಬಂದಿಲ್ಲ. ಮೊಣಕಾಲು ಆಗದು, ಅಷ್ಟು ದೂರ ಕೂರಲಾಗದು ಅನ್ನುತ್ತಾಳೆ. ಕೆಳಗಿನ ಕೊಲಂಬಿಯಾದವರು ಈಗ ಬೇರೆ ಬೀದಿಯಲ್ಲಿ ಬೆಚ್ಚನೆಯ ಮನೆಗೆ ಹೋಗಿದ್ದಾರೆ. ಆ ಹುಡುಗನ ಕೆಮ್ಮು ನಿಂತಿದೆ. ಪ್ಲಮ್ ಗಿಡವನ್ನು ಅಗೆದು ಜೊತೆಗೇ ಒಯ್ದರು. ಚಿಲಿಯ ಅಜ್ಜಿಯ ಮನೆಗೆ ಸಂಜೆ ನನ್ನ ಮಗಳು ಹೋಗಿ ಕೂರುತ್ತಾಳೆ. ಮಿಕ್ಸರನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ರಟ್ಟಿನ ಪೆಟ್ಟಿಗೆಗಳನ್ನು ಒಂದು ಭಾನುವಾರ ನನ್ನ ಗಂಡ ಕತ್ತರಿಸಿ ಮರುಬಳಕೆಯ ತೊಟ್ಟಿಗೆ ಹಾಕುವಾಗ ನಾನು ಒಳಗೇ ಇದ್ದೆ.

ವಿಡಿಯೋ ಕರೆ ಮಾಡಿದಾಗ ಅವ್ವ ಕೆಲವೊಮ್ಮೆ ಫೋನನ್ನು ಅಡುಗೆಮನೆಯ ಕಡೆ ತಿರುಗಿಸುತ್ತಾಳೆ. ಸಾಲಾಗಿ ಇಟ್ಟ ಡಬ್ಬಿಗಳ ನಡುವೆ ಅದು ಇದೆ. ಅತ್ತಿಗೆ ಎಷ್ಟು ಗೊಣಗಿದರೂ ಅದರಲ್ಲಿ ಬೇಳೆ ಹಾಕಲು ಬಿಟ್ಟಿಲ್ಲವಂತೆ. ಮುಚ್ಚಳ ತೆಗೆದು ಫೋನಿಗೆ ಹಿಡಿಯುತ್ತಾಳೆ. ಒಳಗೆ ಬೆಳಕು ಬಿದ್ದು ಹೊಳೆಯುತ್ತದೆ.

"ನೋಡು, ಹಂಗ ಐತಿ" ಅನ್ನುತ್ತಾಳೆ.

"ಇರಲಿ ಅವ್ವಾ" ಅನ್ನುತ್ತೇನೆ.